ಗೃಹಬಳಕೆಯ ಗೀಸರಿಗೆ ಉಷ್ಣತಾ ನಿಯಂತ್ರಕದ ಆಯ್ಕೆ

ಬಚ್ಚಲೊಲೆಯ ತಾಮ್ರದ ಹಂಡೆಯ ಸ್ಥಾನದಲ್ಲಿ ವಿದ್ಯುತ್ ಗೀಸರ್ ಬಂದ ಮನೆಗಳಲ್ಲಿ ಬಿಸಿನೀರಿನ ವೆಚ್ಚವು ಸೌದೆಯ ರಾಶಿಯಲ್ಲಿ ಕಾಣದೆ ವಿದ್ಯುತ್ ಮಾಪಕದಲ್ಲಿ ಅಡಗಿರುತ್ತದೆ. ಗೃಹಜ್ಯೋತಿ ಫಲಾನುಭವಿಗಳಿಗೆ ಇದು ಮುಖ್ಯ ವಿಷಯ. ಅರ್ಹ ಯೂನಿಟ್‌ಗಳನ್ನು ಮೀರಿದ ಬಳಕೆಗೆ ಹಣ ಪಾವತಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಭರಿಸಬೇಕು. ಆದುದರಿಂದ ಗ್ರಾಮಸಭೆಗಳಲ್ಲಿ ಈ ಕುರಿತು ಪ್ರಶ್ನೆ ಬಂದಾಗ ಸದಸ್ಯರಿಗೆ ಲೆಕ್ಕ ತಿಳಿದಿರುವುದು ಅಗತ್ಯ.

ಒಂದು ಯೂನಿಟ್ ವಿದ್ಯುತ್ತು ಸುಮಾರು 860 ಕಿಲೋಕ್ಯಾಲರಿ ಶಾಖಕ್ಕೆ ಸಮ. 25 ಡಿಗ್ರಿಯ 20 ಲೀಟರ್ ನೀರನ್ನು ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ತರಲು 300 ಕಿಲೋಕ್ಯಾಲರಿ, ಅಂದರೆ ಸುಮಾರು 0.35 ಯೂನಿಟ್ ಬೇಕು. ದಿನಕ್ಕೆ ನಾಲ್ವರು ತಲಾ ಒಂದು ಬಕೆಟ್ ಬಳಸಿದರೆ ತಿಂಗಳಿಗೆ ಸುಮಾರು 42 ಯೂನಿಟ್ ಆಗುತ್ತದೆ. ನಿಯಂತ್ರಕವನ್ನು 50ಕ್ಕೆ ಇಟ್ಟರೂ 70ಕ್ಕೆ ಇಟ್ಟರೂ ಈ ಭಾಗ ಬದಲಾಗದು. ಹೆಚ್ಚು ಬಿಸಿಯಾದ ನೀರಿಗೆ ಹೆಚ್ಚು ತಣ್ಣೀರು ಬೆರೆಸಲಾಗುತ್ತದೆ, ಅಷ್ಟೇ. ದುಬಾರಿ ಡಿಜಿಟಲ್ ನಿಯಂತ್ರಕವು ಬಿಲ್ಲನ್ನು ಅರ್ಧಕ್ಕೆ ಇಳಿಸುತ್ತದೆಂಬ ಅಂಗಡಿಯವರ ಮಾತನ್ನು ಈ ಲೆಕ್ಕದೆದುರು ಇಟ್ಟು ನೋಡಬೇಕು.

ಉಳಿತಾಯವಿರುವುದು ಬೇರೆಡೆ. ಬಳಸದೆ ನಿಂತ ಬಿಸಿನೀರು ತೊಟ್ಟಿಯ ಗೋಡೆಯ ಮೂಲಕ ಶಾಖ ಕಳೆದುಕೊಳ್ಳುತ್ತದೆ. ನಿಯಂತ್ರಕವು ಅದನ್ನು ಮತ್ತೆ ಮತ್ತೆ ಕಾಯಿಸುತ್ತದೆ. ಈ ನಷ್ಟವು ನೀರು ಮತ್ತು ಕೋಣೆಯ ಉಷ್ಣತೆಯ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ. ಕೋಣೆ 25 ಡಿಗ್ರಿ ಇರುವಾಗ 70ರಲ್ಲಿ ವ್ಯತ್ಯಾಸ 45, 55ರಲ್ಲಿ 30. ನಷ್ಟ ಮೂರನೇ ಒಂದರಷ್ಟು ತಗ್ಗುತ್ತದೆ. ಸ್ವಿಚ್ ಆರಿಸಿಬಿಟ್ಟರೆ ಮರುಕಾಯಿಸುವಿಕೆಯೇ ಇರದು. ಹೀಗಾಗಿ ಇಡೀ ದಿನ ಗೀಸರ್ ಉರಿಸುವ ಮನೆಗೆ ಉಷ್ಣತೆಗಿಂತ ಸಮಯದ ನಿಯಂತ್ರಣವೇ ಲಾಭಕರ. 2 ಕಿಲೋವ್ಯಾಟ್ ಗೀಸರ್ 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಪೂರ್ಣ ವೋಲ್ಟೇಜಿನಲ್ಲಿ 20 ನಿಮಿಷ ಸಾಕು. ವೋಲ್ಟೇಜ್ 180ಕ್ಕೆ ಇಳಿದರೆ ಅರ್ಧ ಗಂಟೆ ಮೀರುತ್ತದೆ. ಟೈಮರ್ ಹೊಂದಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.

ಖರೀದಿಯಲ್ಲಿ ಹೊರಗಿನಿಂದ ತಿರುಗಿಸಬಹುದಾದ ನಾಬ್ ಇರುವ ಸಾಮಾನ್ಯ ಥರ್ಮೋಸ್ಟಾಟ್ ಹೆಚ್ಚಿನ ಮನೆಗಳಿಗೆ ಸಾಕಾಗುತ್ತದೆ. ಪದೇ ಪದೇ ವಿದ್ಯುತ್ ಕಡಿತವಾಗುವ ಊರುಗಳಲ್ಲಿ, ಟೈಮರ್ ಕೊಳ್ಳುವುದಾದರೆ ಒಳಗೆ ಬ್ಯಾಟರಿ ಇರುವುದನ್ನೇ ಆರಿಸಬೇಕು. ಇಲ್ಲದಿದ್ದರೆ ಗಡಿಯಾರ ತಪ್ಪುತ್ತದೆ. ಮೊಬೈಲಿನಿಂದ ನಡೆಸುವ ಮಾದರಿಗಳು ಅನುಕೂಲಕ್ಕೆ ಸರಿ, ಉಳಿತಾಯಕ್ಕಾಗಿ ಕೊಳ್ಳತಕ್ಕವಲ್ಲ. ಸ್ಟಾರ್ ಲೇಬಲಿನಲ್ಲಿ ನಮೂದಾದ ಶಾಖನಷ್ಟದ ಅಂಕಿ ಕಡಿಮೆ ಇರುವ ತೊಟ್ಟಿಗೆ ಆದ್ಯತೆ ನೀಡಬೇಕು.

ನಾಬನ್ನು 55ರಿಂದ 60ರ ನಡುವೆ ಇಡುವುದು ಯುಕ್ತ. ಗಡಸು ಕೊಳವೆಬಾವಿ ನೀರು ಹೆಚ್ಚು ಕಾದಷ್ಟೂ ಕಾಯಿಲ್ ಮೇಲೆ ಸುಣ್ಣದ ಹೊರಪದರ ಬೇಗ ಕಟ್ಟುತ್ತದೆ. ತೀರಾ ತಗ್ಗಿಸುವುದೂ ಸಲ್ಲ: ಉಗುರುಬೆಚ್ಚಗೆ ದಿನಗಟ್ಟಲೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯಬಲ್ಲದು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುವುದರಿಂದ ಮಕ್ಕಳಿರುವ ಮನೆಯಲ್ಲಿ ಬಕೆಟಿಗೆ ಮೊದಲು ತಣ್ಣೀರು ಬಿಡತಕ್ಕದ್ದು.

ಥರ್ಮೋಸ್ಟಾಟ್ ಕೆಟ್ಟಾಗ ತಾನಾಗಿ ವಿದ್ಯುತ್ ಕಡಿಯುವ ಕಟೌಟ್ ಎಂಬ ಪ್ರತ್ಯೇಕ ಬಿಡಿಭಾಗವೂ ಗೀಸರಿನಲ್ಲಿರುತ್ತದೆ. ಇದು ಪದೇ ಪದೇ ಬೀಳುತ್ತದೆಂದು ರಿಪೇರಿಯವರಿಂದ ತಂತಿ ನೇರ ಜೋಡಿಸಿಕೊಳ್ಳುವ ಪದ್ಧತಿ ಅಪಾಯಕಾರಿ. ನೀರು ಕುದಿದು ಒತ್ತಡ ಹೆಚ್ಚಿದಾಗ ಸುರಕ್ಷತಾ ವಾಲ್ವ್ ಸಹ ಸುಣ್ಣದಿಂದ ಮುಚ್ಚಿದ್ದರೆ ತೊಟ್ಟಿ ಸಿಡಿಯುತ್ತದೆ. ಕಟೌಟ್ ಎರಡನೇ ಬಾರಿ ಬಿದ್ದ ಕೂಡಲೇ ಗೀಸರ್ ನಿಲ್ಲಿಸಿ, ಥರ್ಮೋಸ್ಟಾಟ್ ಬದಲಾಯಿಸಿದ ಮೇಲೆಯೇ ಮತ್ತೆ ಬಳಸತಕ್ಕದ್ದು.