ಅಣು ತ್ಯಾಜ್ಯಕ್ಕೆ ಜಾಗ ಯಾವುದು? ತೀರ್ಮಾನ ಯಾರದು?



ಊರಿನ ಕಸ ಹಾಕಲು ಜಾಗ ಹುಡುಕುವಾಗಲೇ ಎಷ್ಟು ಜಗಳ ಆಗುತ್ತೆ ಅನ್ನೋದು ನಮಗೆಲ್ಲಾ ಗೊತ್ತು. 'ನಮ್ಮ ಬೀದಿಯಲ್ಲಿ ಬೇಡ' ಅಂತ ಎಲ್ಲರೂ ಹೇಳ್ತಾರೆ. ಹಾಗಾದರೆ ಸಾವಿರಾರು ವರ್ಷ ಅಪಾಯಕಾರಿಯಾಗಿಯೇ ಇರುವ ಕಸಕ್ಕೆ ಜಾಗ ಹುಡುಕುವುದು ಹೇಗೆ? ಈ ತಿಂಗಳ ಪಾಠದಲ್ಲಿ ಇದನ್ನು ತಿಳಿಯೋಣ.

ಅಣು ತ್ಯಾಜ್ಯ ಎಂದರೇನು?

ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಇಂಧನದಿಂದ ಕರೆಂಟು ತಯಾರಿಸುತ್ತಾರೆ. ನಮ್ಮ ಉತ್ತರ ಕನ್ನಡದ ಕೈಗಾದಲ್ಲೂ ಇಂಥ ಸ್ಥಾವರವಿದೆ. ಬಳಸಿದ ಇಂಧನವನ್ನು ಹೊರತೆಗೆದ ಮೇಲೂ ಅದು ಬಿಸಿಯಾಗಿರುತ್ತದೆ, ವಿಕಿರಣ ಸೂಸುತ್ತಲೇ ಇರುತ್ತದೆ. ವಿಕಿರಣ ಕಣ್ಣಿಗೆ ಕಾಣದು, ಅದಕ್ಕೆ ವಾಸನೆಯಿಲ್ಲ. ಹೆಚ್ಚಾಗಿ ತಗುಲಿದರೆ ಕ್ಯಾನ್ಸರ್‌ನಂಥ ಕಾಯಿಲೆ ಬರಬಹುದು. ಆದ್ದರಿಂದ ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿಟ್ಟು ತಣಿಸುತ್ತಾರೆ. ಕೊನೆಗೆ ನೂರಾರು ಮೀಟರ್ ಆಳದ ಗಟ್ಟಿ ಬಂಡೆಯೊಳಗೆ ಶಾಶ್ವತವಾಗಿ ಇಡಬೇಕೆಂಬುದು ಹೆಚ್ಚಿನ ದೇಶಗಳ ತಜ್ಞರ ಅಭಿಪ್ರಾಯ. ಆದರೆ ಯಾರ ಊರಿನ ಬಂಡೆ? ಎರಡು ದೇಶಗಳ ಅನುಭವ ನೋಡೋಣ.

ಅಮೆರಿಕದ ಅನುಭವ

ಹಲವು ಜಾಗಗಳನ್ನು ಪರೀಕ್ಷಿಸಿ ಆರಿಸಬೇಕೆಂದು ಅಲ್ಲಿ 1982ರಲ್ಲಿ ಕಾನೂನು ಬಂತು. ಆದರೆ 1987ರಲ್ಲಿ ಸಂಸತ್ತು ಅದನ್ನು ತಿದ್ದಿ, ನೆವಾಡಾ ರಾಜ್ಯದ ಯಕ್ಕಾ ಬೆಟ್ಟ ಒಂದನ್ನೇ ಪರೀಕ್ಷಿಸಿದರೆ ಸಾಕು ಎಂದಿತು. 2002ರಲ್ಲಿ ಆ ರಾಜ್ಯದ ಜನರಿಂದ ಆಯ್ಕೆಯಾದ ಗವರ್ನರ್ 'ಬೇಡ' ಅಂದರು. ಸಂಸತ್ತು ಆ ಮಾತನ್ನು ತಳ್ಳಿಹಾಕಿತು. ಜನ ಕೋರ್ಟಿಗೆ ಹೋದರು. 10,000 ವರ್ಷದವರೆಗೆ ಮಾತ್ರ ಸುರಕ್ಷತೆಯ ಲೆಕ್ಕ ಹಾಕಿದ್ದು ಸರಿಯಲ್ಲ ಎಂದು 2004ರಲ್ಲಿ ತೀರ್ಪಾಯಿತು. 2008ರಲ್ಲಿ ಆ ಲೆಕ್ಕವನ್ನು 10 ಲಕ್ಷ ವರ್ಷಕ್ಕೆ ಏರಿಸಬೇಕಾಯಿತು. 2010ರಲ್ಲಿ ಸರ್ಕಾರವೇ ಹಿಂದೆ ಸರಿಯಿತು, ಹಣವೂ ನಿಂತಿತು. ಊರಿನವರ ಒಪ್ಪಿಗೆ ಪಡೆದೇ ಜಾಗ ಆರಿಸಬೇಕೆಂದು 2012ರಲ್ಲಿ ಸರ್ಕಾರದ ಸಮಿತಿ ವರದಿ ಕೊಟ್ಟಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಕೋಟ್ಯಂತರ ಡಾಲರ್ ಖರ್ಚಾದ ಮೇಲೆ ಬಂದ ಬುದ್ಧಿಮಾತು ಇದು!

ಫಿನ್ಲೆಂಡಿನ ಅನುಭವ

ಯುರೋಪಿನ ಈ ಚಿಕ್ಕ ದೇಶ 1983ರಲ್ಲೇ ಯಾವ ಕೆಲಸ ಯಾವಾಗ ಆಗಬೇಕೆಂದು ವೇಳಾಪಟ್ಟಿ ಮಾಡಿತು. ನಾಲ್ಕು ಜಾಗಗಳ ಬಂಡೆಯನ್ನು ವಿವರವಾಗಿ ಪರೀಕ್ಷಿಸಿದರು. ಗುಂಡಿ ತೋಡುವುದು ಕಂಪನಿಯ ಕೆಲಸ, ಸುರಕ್ಷತೆ ನೋಡುವುದು ಬೇರೆಯೇ ಸಂಸ್ಥೆಯ ಕೆಲಸ. ಮುಖ್ಯ ಸಂಗತಿ ಏನೆಂದರೆ, ಸ್ಥಳೀಯ ಆಡಳಿತ 'ಬೇಡ' ಎಂದರೆ ಸರ್ಕಾರವೂ ಮುಂದೆ ಹೋಗುವಂತಿರಲಿಲ್ಲ. 2000ರಲ್ಲಿ ಎವುರಾಯೊಕಿ ಎಂಬ ಊರಿನ ಸದಸ್ಯರು ಮತ ಹಾಕಿದರು. 20 ಜನ ಬೇಕು ಅಂದರು, 7 ಜನ ಬೇಡ ಅಂದರು. ಆ ಊರಿನಲ್ಲಿ ಮೊದಲೇ ಅಣು ಸ್ಥಾವರವಿತ್ತು. ಕೆಲಸ, ತೆರಿಗೆ ಸಿಗುವ ಆಸೆಯೂ ಇತ್ತು ಅನ್ನೋದನ್ನು ಮರೆಯಬಾರದು. 2001ರಲ್ಲಿ ಸಂಸತ್ತು ಒಪ್ಪಿತು. ಸುಮಾರು 400 ಮೀಟರಿಗೂ ಹೆಚ್ಚು ಆಳದಲ್ಲಿ, ಇಂಧನವನ್ನು ತಾಮ್ರದ ದೊಡ್ಡ ಡಬ್ಬಿಗಳಲ್ಲಿ ಮುಚ್ಚಿ, ಸುತ್ತ ಜೇಡಿಮಣ್ಣು ತುಂಬುವುದು ಅವರ ಕ್ರಮ. 2024ರಲ್ಲಿ, ನಿಜವಾದ ತ್ಯಾಜ್ಯ ಇಡದೆ, ಪ್ರಾಯೋಗಿಕ ಕೆಲಸ ಶುರುವಾಯಿತು.

ನಮ್ಮಲ್ಲಿ?

ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಮತ್ತೆ ಸಂಸ್ಕರಿಸುತ್ತಾರೆ. ಉಳಿಯುವ ಹೆಚ್ಚು ವಿಕಿರಣದ ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿ ಗಟ್ಟಿ ಮಾಡುತ್ತಾರೆ. 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಆಳದಲ್ಲಿ, ಬಿಸಿಯಿಂದ ಬಂಡೆಗೆ ಏನಾಗುತ್ತದೆ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದರು. 2012ರಲ್ಲಿ 'ಅಣು ತ್ಯಾಜ್ಯ ಕೆ.ಜಿ.ಎಫ್.ಗೆ ಬರುತ್ತಂತೆ' ಎಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಎಂದು ಅಧಿಕಾರಿಗಳು ಆಮೇಲೆ ಹೇಳಿದರು. ಅದೇ ವರ್ಷ ಮಹಾಲೇಖಪಾಲರ ವರದಿ, 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವತಂತ್ರ ಸ್ಥಾನ ಇಲ್ಲವೆಂದು ಎತ್ತಿ ತೋರಿಸಿತು.

ನಾವು ಕಲಿಯುವುದೇನು?

ನಮ್ಮ ಸಂಘದಲ್ಲಿ ಹಣ ಇಟ್ಟುಕೊಂಡವರೇ ಲೆಕ್ಕ ತಪಾಸಣೆ ಮಾಡಿದರೆ ಒಪ್ತೀವಾ? ಇಲ್ಲ. ಇಲ್ಲೂ ಅಷ್ಟೇ.

1. ತ್ಯಾಜ್ಯ ಇಡುವವರು ಬೇರೆ, ಪರೀಕ್ಷಿಸುವವರು ಬೇರೆ ಇರಬೇಕು.
2. ಒಂದೇ ಜಾಗ ತೋರಿಸಿ ಒಪ್ಪಿ ಅನ್ನಬಾರದು. ಹಲವು ಜಾಗ ನೋಡಿರಬೇಕು.
3. ಮಾಹಿತಿ ಜನರ ಭಾಷೆಯಲ್ಲಿ, ತೀರ್ಮಾನಕ್ಕೆ ಮೊದಲೇ ಸಿಗಬೇಕು.
4. ಊರಿನವರ 'ಬೇಡ' ಎಂಬ ಮಾತಿಗೆ ಬೆಲೆ ಇರಬೇಕು.

ಅಣು ತ್ಯಾಜ್ಯವೇ ಆಗಬೇಕಿಲ್ಲ. ಕಾರ್ಖಾನೆ, ಕಲ್ಲುಕ್ವಾರಿ, ಕಸದ ಗುಂಡಿ ಏನೇ ಬರಲಿ, ಗ್ರಾಮಸಭೆಯಲ್ಲಿ ಈ ನಾಲ್ಕು ಮಾತು ಕೇಳೋಣ. ಕೇಳಿದ್ದನ್ನೂ ಸಿಕ್ಕಿದ ಉತ್ತರವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸೋಣ. ಇಂದು ನಾವು ಸುಮ್ಮನಿದ್ದರೆ ನಾಳೆ ಉತ್ತರ ಹುಡುಕಬೇಕಾದವರು ನಮ್ಮ ಮೊಮ್ಮಕ್ಕಳು.

ಸಂಘದಲ್ಲಿ ಚರ್ಚಿಸಿ

* ನಮ್ಮ ಊರಿನ ಕಸಕ್ಕೆ ಜಾಗ ಆರಿಸಿದವರು ಯಾರು? ನಮ್ಮನ್ನು ಕೇಳಿದ್ದರೇ?
* ಕೆಲಸ, ಹಣ ಕೊಡ್ತೀವಿ ಅಂದಾಗ ಪಡೆದ ಒಪ್ಪಿಗೆ ನಿಜವಾದ ಒಪ್ಪಿಗೆಯೇ?
* ಕಳೆದ ಗ್ರಾಮಸಭೆಗೆ ನಮ್ಮ ಸಂಘದಿಂದ ಎಷ್ಟು ಜನ ಹೋಗಿದ್ದೆವು?