ಸ್ಪೀಕರ್ ಸುಟ್ಟೀತೆಂಬ ಭಯವೇ?

ಪ್ರಶ್ನೆ: ಮೊಬೈಲನ್ನು ವೈರಿನಿಂದ ಆಂಪ್ಲಿಫೈಯರಿಗೆ ಜೋಡಿಸಿ ಭಾವಗೀತೆ ಕೇಳುತ್ತೇನೆ. ಸ್ಪೀಕರ್ ಸುಟ್ಟೀತೆಂದು ಮೊಬೈಲ್ ವಾಲ್ಯೂಮನ್ನು ಕಾಲುಭಾಗಕ್ಕಷ್ಟೇ ಇಡುತ್ತೇನೆ. ಆಂಪ್ಲಿಫೈಯರ್ ಜೋರು ಮಾಡಿದರೆ ಹಾಡಿನ ಹಿಂದೆ ‘ಸುಯ್’ ಎನ್ನುತ್ತದೆ. ಕೆಟ್ಟಿದೆಯೇ?
– ಓದುಗರು, ದಾವಣಗೆರೆ

ಉತ್ತರ: ಗಾಬರಿಯಾಗಬೇಡಿ, ಬಹುಮಟ್ಟಿಗೆ ಏನೂ ಕೆಟ್ಟಿರಲಾರದು. ದುಡ್ಡು ಕೊಟ್ಟು ತಂದ ಸ್ಪೀಕರಿನ ಬಗ್ಗೆ ನಿಮಗಿರುವ ಎಚ್ಚರ ಸರಿಯಾದದ್ದೇ. ತಗ್ಗಿಸುತ್ತಿರುವ ಜಾಗ ಮಾತ್ರ ಬದಲಾಗಬೇಕು.

ಎಲ್ಲ ಆಂಪ್ಲಿಫೈಯರಿನಲ್ಲೂ ಅದರದೇ ಆದ ಸಣ್ಣ ಸದ್ದಿರುತ್ತದೆ. ಮೊಬೈಲಿನಿಂದ ಬರುವ ಹಾಡು ಕ್ಷೀಣವಾಗಿದ್ದರೆ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುವುದೆಂಬ ಅಳತೆ) ಹೆಚ್ಚು ಬೇಕಾಗುತ್ತದೆ. ಆಗ ಹಾಡಿನ ಜೊತೆ ಆ ಸದ್ದೂ ಮೇಲೇಳುತ್ತದೆ.

ಹೀಗೆ ಮಾಡಿ. ಮೊದಲು ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಇಳಿಸಿ. ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡು ಹಾಕಿ, ಮೊಬೈಲನ್ನು ಮುಕ್ಕಾಲಿಗಿಂತ ತುಸು ಮೇಲೇರಿಸಿ. ಮೊಬೈಲಿನಲ್ಲಿ ‘ಬಾಸ್ ಬೂಸ್ಟ್’ ಇದ್ದರೆ ಆಫ್ ಮಾಡಿಬಿಡಿ. ಈಗ ಆಂಪ್ಲಿಫೈಯರನ್ನು ನಿಧಾನವಾಗಿ ತಿರುಗಿಸುತ್ತ, ಕಿವಿಗೆ ಹಿತವಾದಲ್ಲಿ ನಿಲ್ಲಿಸಿ. ಮೊಬೈಲನ್ನು ಅಲ್ಲೇ ಬಿಟ್ಟು, ದಿನದ ಏರಿಳಿತವನ್ನೆಲ್ಲ ಆಂಪ್ಲಿಫೈಯರಿನಲ್ಲೇ ಮಾಡಿ.

ಸ್ಪೀಕರಿಗೆ ನಿಜವಾದ ಅಪಾಯವಿರುವುದು ಕ್ಲಿಪ್ಪಿಂಗ್‌ನಿಂದ (ಆಂಪ್ಲಿಫೈಯರ್ ಶಕ್ತಿ ಮೀರಿದಾಗ ಧ್ವನಿಯ ಅಲೆಯ ತುದಿ ಕತ್ತರಿಸಿಹೋಗುವುದು). ಹಾಗೆ ಕತ್ತರಿಸಿದ ಅಲೆಯಲ್ಲಿ, ಮೂಲ ಹಾಡಿನಲ್ಲಿಲ್ಲದ ಕೀರಲು ಸ್ವರಗಳು ಹುಟ್ಟಿ ಟ್ವೀಟರಿನ (ತಾರಸ್ವರ ನುಡಿಸುವ ಚಿಕ್ಕ ಸ್ಪೀಕರ್) ಸುರುಳಿಯನ್ನು ಬಿಸಿ ಮಾಡುತ್ತವೆ. ಶಕ್ತಿ ಎಷ್ಟು ಬೇಗ ಮುಗಿಯುತ್ತದೆ ಗೊತ್ತೇ? ಸದ್ದು ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ 10 ಪಟ್ಟು ವಿದ್ಯುತ್ ಬೇಕು. 5 ವ್ಯಾಟ್ ಸಾಕಾಗುತ್ತಿದ್ದ ಹಾಡು 50 ವ್ಯಾಟ್ ಕೇಳುತ್ತದೆ. ಆದ್ದರಿಂದ ಗಾಯಕಿಯ ದನಿ ಕರ್ಕಶವಾದ ಕೂಡಲೇ ಇಳಿಸಿ. ತಿರುಗಣೆಯ ಮೇಲಿನ ಅಂಕಿಗಿಂತ ನಿಮ್ಮ ಕಿವಿಯನ್ನೇ ನಂಬಿ.

ಪ್ರಶ್ನೆ: ಹೊಸ ರಿಸೀವರಿನಲ್ಲಿ ವಾಲ್ಯೂಮ್ ‘−35’ ಎಂದು ತೋರಿಸುತ್ತದೆ. ಸೊನ್ನೆಗೆ ತರಬೇಕೇ?
– ಓದುಗರು, ಶಿರಸಿ

ಉತ್ತರ: ಬೇಡ, ಅದು ದೋಷವಲ್ಲ. ಅಲ್ಲಿ 0 ಎಂದರೆ ಮೌನವಲ್ಲ. ಸರಿಯಾಗಿ ಹೊಂದಿಸಿದ ವ್ಯವಸ್ಥೆಯಲ್ಲಿ ಅದು ಚಿತ್ರಮಂದಿರದ ಜೋರು. ಅಬ್ಬರದ ದೃಶ್ಯಗಳಲ್ಲಿ ಮುಖ್ಯ ಸ್ಪೀಕರುಗಳಿಂದ 105 ಡೆಸಿಬೆಲ್ ತನಕ ಹೋಗುತ್ತದೆ. −35 ಎಂದರೆ ಅದಕ್ಕಿಂತ 35 ಡೆಸಿಬೆಲ್ ಕೆಳಗೆ. ಮನೆಯ ಕೋಣೆಗೆ ಅಷ್ಟು ಸಾಕು.

ಮಕ್ಕಳು ತಿರುಗಿಸಿಯಾರೆಂಬ ಚಿಂತೆಯಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ವಾಲ್ಯೂಮಿನ ಮಿತಿ ಹುಡುಕಿ. ಹಲವು ರಿಸೀವರುಗಳಲ್ಲಿ ಅದಿರುತ್ತದೆ, −15ಕ್ಕೆ ಕಟ್ಟಿಹಾಕಿ.