‘ರಕ್ತದಲ್ಲಿ ಬಂದದ್ದು’: ಒಂದು ಮರುಪಾಠದ ಅನುಭವ

ಬೋಧನಾಭ್ಯಾಸಕ್ಕೆಂದು ಅರಂತೋಡಿಗೆ ಹೋಗಿದ್ದಾಗ 9ನೇ ತರಗತಿಗೆ ‘ಅಂಗಾಂಶಗಳು’ ಪಾಠ ಮಾಡುತ್ತಿದ್ದೆ. ರಕ್ತವೂ ಒಂದು ಸಂಯೋಜಕ ಅಂಗಾಂಶ ಎಂದು ವಿವರಿಸಿ, ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: “ಜೀನ್ ಕೆಟ್ಟರೆ ರಕ್ತದ ಕ್ಯಾನ್ಸರ್ ಬರುತ್ತದೆ.”

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. “ಟೀಚರ್, ಅದು ರಕ್ತಸಂಬಂಧದಲ್ಲಿ ಬರುವುದಾ? ನಮಗೂ ಬರ್ತದಾ?” ಅವಳ ಮನೆಯಲ್ಲಿ ಒಬ್ಬರು ಚಿಕಿತ್ಸೆಯಲ್ಲಿದ್ದರು.

‘ರಕ್ತದಲ್ಲೇ ಬಂದದ್ದು’ ಎಂದರೆ ನಮ್ಮ ಮಾತಿನಲ್ಲಿ ವಂಶದಿಂದ ಬಂದದ್ದು. ಪಾಠಯೋಜನೆ ಬರೆಯುವಾಗ ಇದು ನನಗೆ ಹೊಳೆದಿರಲಿಲ್ಲ. ಲ್ಯುಕೇಮಿಯಾ ಅಂಟುರೋಗವಲ್ಲ, ಹೆಚ್ಚಿನವರಲ್ಲಿ ದೋಷ ಹುಟ್ಟುವುದು ಮೂಳೆಮಜ್ಜೆಯ ಯಾವುದೋ ಕೋಶದಲ್ಲಿ, ಅದು ತಂದೆತಾಯಿಯಿಂದ ಬಂದದ್ದಲ್ಲ ಎಂದು ಅವಳಿಗೆ ಅಲ್ಲೇ ಹೇಳಿದೆ. ಆದರೆ ತಪ್ಪು ವಾಕ್ಯವನ್ನು ಇಡೀ ತರಗತಿ ಕೇಳಿತ್ತು. ಆದ್ದರಿಂದ ಮರುಪಾಠಕ್ಕೆ ಸಿದ್ಧಳಾದೆ.

ಅದಕ್ಕೆ ಆಧಾರವಾಗಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಯನ್ನು ಆರಿಸಿಕೊಂಡೆ. ಅವರು ಅಧ್ಯಯನ ಮಾಡಿದ ಪ್ರೋಟೀನಿನ ಹೆಸರು ‘ಅಸೃಜ್’. ಸಂಸ್ಕೃತದಲ್ಲಿ ಹಾಗೆಂದರೆ ರಕ್ತ.

ಮೊದಲು ಒಂದು ಸಮಸ್ಯೆಯನ್ನು ಮುಂದಿಟ್ಟೆ. ಕೋಶದ ಡಿಎನ್‌ಎಗೆ ಹಾನಿಯಾದಾಗ ಸಂದೇಶ ಪಡೆದು ವಿಭಜನೆಯನ್ನು ತಡೆಯುವ ಪ್ರೋಟೀನ್ ಪಿ53. ರಕ್ತದ ಕ್ಯಾನ್ಸರ್‌ಗಳಲ್ಲಿ ಸುಮಾರು 11% ಪ್ರಕರಣಗಳಲ್ಲಿ ಮಾತ್ರ ಪಿ53 ಜೀನಿನಲ್ಲೇ ದೋಷವಿರುತ್ತದೆ. ಹಾಗಾದರೆ ಉಳಿದವುಗಳಲ್ಲಿ?

“ತೋಟದ ನಾಯಿ ಗಟ್ಟಿಮುಟ್ಟಾಗಿದೆ. ಆದರೂ ರಾತ್ರಿ ಕಾಡುಹಂದಿ ನುಗ್ಗಿತು. ಯಾಕಿರಬಹುದು?” ಎಂದು ಕೇಳಿದೆ. “ನಾಯಿಯನ್ನು ಚಿರತೆ ಹಿಡಿದಿರಬೇಕು ಟೀಚರ್,” ಎಂದ ಹಿಂದಿನ ಬೆಂಚಿನ ಹುಡುಗ.

ನನಗೆ ಬೇಕಿದ್ದ ಉತ್ತರವೇ ಸಿಕ್ಕಿತು. ನಾಯಿ ಪಿ53. ಅದು ನಾಶವಾಗುವಂತೆ ಮಾಡುವ ಸಿಎಸ್‌ಎನ್5 ಎಂಬ ಪ್ರೋಟೀನ್ ಚಿರತೆ. ಆ ಚಿರತೆಯನ್ನು ಹಿಡಿದಿಡುವ ಬೋನು ಅಸೃಜ್. 2019ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅಸೃಜ್ ಇಲ್ಲದ ಇಲಿಗಳ ವಿವರವಿದೆ. ಅವು ಮೊದಲು ಆರೋಗ್ಯವಾಗಿಯೇ ಕಂಡವು. ಆರು ತಿಂಗಳ ಹೊತ್ತಿಗೆ ರಕ್ತಕಣಗಳು ಹೆಚ್ಚಿದವು, ಗುಲ್ಮ ಊದಿತು, ವಿಶ್ರಾಂತಿಯಲ್ಲಿರಬೇಕಾದ ರಕ್ತದ ಆಕರಕೋಶಗಳು ವಿಭಜನೆಗೆ ಇಳಿದವು. ಪಿ53 ಜೀನ್ ಸರಿಯಿದ್ದರೂ ಪ್ರೋಟೀನ್ ಬೇಗ ನಾಶವಾಗುತ್ತಿತ್ತು.

ಮೌಲ್ಯಮಾಪನದಲ್ಲಿ ಹೋಲಿಕೆಯ ಮಿತಿಯೂ ಕಂಡಿತು. ಕೆಲವರು ಸಿಎಸ್‌ಎನ್5 ‘ಕೆಟ್ಟ ಪ್ರೋಟೀನ್’ ಎಂದು ಬರೆದಿದ್ದರು. ಆರೋಗ್ಯವಂತ ಕೋಶಕ್ಕೂ ಅದು ಬೇಕು, ಕಾಡಿಗೆ ಚಿರತೆ ಬೇಕಾದ ಹಾಗೆ, ತೊಂದರೆ ಬರುವುದು ಹತೋಟಿ ತಪ್ಪಿದಾಗ ಎಂದು ತಿದ್ದಿದೆ. ಇದು ಇಲಿಗಳಲ್ಲಿ ಕಂಡದ್ದು, ಇನ್ನೂ ಔಷಧವಲ್ಲ ಎಂದೂ ಹೇಳಿದೆ.

ಹೆಸರು ಬರೆಯದೆ ಕೊಡಲು ಹೇಳಿದ್ದ ಚೀಟಿಗಳಲ್ಲಿ ಒಂದು ಹೀಗಿತ್ತು: “ಜೀನ್ ಸರಿ ಇದ್ದರೂ ಕಾವಲು ತಪ್ಪಬಹುದು. ಅದು ಮನೆಯವರ ತಪ್ಪಲ್ಲ.”

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ. ಪಾಠಯೋಜನೆಯಲ್ಲಿ ಹೊಸ ಪದಗಳನ್ನು ಪಟ್ಟಿ ಮಾಡುವ ಹಾಗೆ, ಮಕ್ಕಳ ಮನೆಯಲ್ಲಿ ಬೇರೆ ಅರ್ಥವಿರುವ ಹಳೆಯ ಪದಗಳನ್ನೂ ಪಟ್ಟಿ ಮಾಡಿಕೊಳ್ಳಿ. ನನ್ನ ಪಟ್ಟಿಯಲ್ಲಿ ಈಗ ಮೊದಲ ಪದ ‘ರಕ್ತ’.